ಸುವಾಯಿಯವರ ಪರವಾಗಿ ಕ್ಷಮಿಸುವವರು ಯಾರು?

ಟಿಮೋರ್-ಲೆಸ್ತೆಯ ಅಧ್ಯಕ್ಷರಾದ ಜೋಸೆ ರಾಮೋಸ್-ಹೊರ್ಟಾ ಅವರಿಗೆ,



ನಿಮ್ಮ ದೇಶದ ಸಂಗತಿಗೆ ಕರ್ನಾಟಕದಲ್ಲಿ ಕೂತವರು ತಲೆಹಾಕುವುದೇಕೆ ಎಂದು ಯಾರಾದರೂ ಕೇಳಬಹುದು. ಸಣ್ಣ ನಾಡಿನ ಸಂಕಟಕ್ಕೆ ದೂರದವರೂ ಕಿವಿಗೊಡಬೇಕೆಂದು ಇಪ್ಪತ್ತನಾಲ್ಕು ವರ್ಷ ಪರದೇಶಗಳ ಬಾಗಿಲು ತಟ್ಟಿದವರು ನೀವು. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

1975ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೇನೆ ರಾಜಧಾನಿ ದಿಲಿಗೆ ನುಗ್ಗುವ ಮೂರು ದಿನ ಮೊದಲು ನೀವು ದೇಶ ಬಿಟ್ಟಿರಿ. ಇಪ್ಪತ್ತಾರು ತುಂಬದ ವಿದೇಶಾಂಗ ಮಂತ್ರಿ. ಬೆನ್ನಿಗೆ ನಿಲ್ಲಲು ಸೇನೆಯಿಲ್ಲ, ಹಣವಿಲ್ಲ, ಸ್ವಲ್ಪ ದಿನಕ್ಕೆ ಸರ್ಕಾರವೂ ಇಲ್ಲ. ಸೇನೆ ಹಿಂದೆ ಸರಿಯಲಿ ಎಂದು ಭದ್ರತಾ ಮಂಡಳಿ ನಿರ್ಣಯ ಮಾಡಿತು. ಜಕಾರ್ತ ಕೇಳಲಿಲ್ಲ, ಕೇಳುವಂತೆ ಮಾಡುವ ಮನಸ್ಸು ದೊಡ್ಡ ದೇಶಗಳಿಗೂ ಇರಲಿಲ್ಲ. ಅತ್ತ ಊರಿನಲ್ಲಿ ನಿಮ್ಮ ಒಡಹುಟ್ಟಿದವರೇ ಯುದ್ಧಕ್ಕೆ ಬಲಿಯಾದರು. ಕೊಲೆ, ಹಸಿವು, ರೋಗಗಳಿಂದ ಕಡಿಮೆಯೆಂದರೂ ಸುಮಾರು 1,02,800 ಮಂದಿ ಸತ್ತರೆಂದು ನಿಮ್ಮ ದೇಶದ ಸತ್ಯಶೋಧನಾ ಆಯೋಗ ಆಮೇಲೆ ಲೆಕ್ಕ ಹಾಕಿತು. 1996ರಲ್ಲಿ ನೊಬೆಲ್ ಬಂತು. 1999ರ ಆಗಸ್ಟ್ 30ರಂದು ಶೇ. 78.5ರಷ್ಟು ಜನ ಸ್ವಾತಂತ್ರ್ಯದ ಕಡೆ ಮತ ಹಾಕಿದರು. ಮಾತನ್ನೇ ನಂಬಿ ದೇಶವೊಂದನ್ನು ಬಿಡಿಸಿಕೊಂಡ ಇಂಥ ರಾಯಭಾರ ನಾನು ಬಲ್ಲ ಚರಿತ್ರೆಯಲ್ಲಿ ತೀರ ಅಪರೂಪ.

ಕಟ್ಟುವ ಕೆಲಸ ಬಿಡಿಸಿಕೊಳ್ಳುವುದಕ್ಕಿಂತ ಕಷ್ಟವಾಯಿತು. 2006ರಲ್ಲಿ ಸುಮಾರು 600 ಸೈನಿಕರನ್ನು ವಜಾ ಮಾಡಿದ್ದೇ ನೆಪವಾಗಿ ಸೇನೆ ಮತ್ತು ಪೊಲೀಸರು ಪರಸ್ಪರ ಗುಂಡು ಹಾರಿಸಿದರು, ಒಂದೂವರೆ ಲಕ್ಷ ಜನ ಮನೆ ಬಿಟ್ಟು ಓಡಿದರು. ಆ ಬೆಂಕಿಯ ನಡುವೆ ನೀವು ಪ್ರಧಾನಿಯಾದಿರಿ. 2008ರ ಫೆಬ್ರುವರಿ 11ರ ಬೆಳಿಗ್ಗೆ ಬಂಡಾಯ ಸೈನಿಕರು ನಿಮ್ಮ ಮನೆಯ ಬಳಿಯೇ ನಿಮ್ಮನ್ನು ಗುಂಡಿಟ್ಟು ಕೆಡವಿದರು. ಆಸ್ಟ್ರೇಲಿಯಾದ ಡಾರ್ವಿನ್ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಶಿಕ್ಷೆಯಾದ ಆ ಸೈನಿಕರನ್ನು 2010ರಲ್ಲಿ ನೀವು ಕ್ಷಮಿಸಿದಿರಿ. ಗುಂಡು ಬಿದ್ದದ್ದು ನಿಮ್ಮ ಮೈಗೆ. ಕ್ಷಮಿಸುವ ಹಕ್ಕೂ ನಿಮ್ಮದೇ. ಆ ದೊಡ್ಡತನಕ್ಕೆ ಕೈಮುಗಿಯುತ್ತೇನೆ.

ಆದರೆ ಸುವಾಯಿ ಪಟ್ಟಣದ ಇಗರ್ಜಿಯಲ್ಲಿ 1999ರ ಸೆಪ್ಟೆಂಬರ್ 6ರಂದು ಸತ್ತವರ ಪರವಾಗಿ ಯಾರು ಕ್ಷಮಿಸಬೇಕು? ಆಶ್ರಯ ಬೇಡಿ ಬಂದಿದ್ದ ಜನರನ್ನೂ ಮೂವರು ಪಾದ್ರಿಗಳನ್ನೂ ಅಲ್ಲಿ ಕೊಂದರು. ಆ ಪ್ರಕರಣದ ಆರೋಪಿ, ಇಂಡೋನೇಷ್ಯಾ ಪರ ಸಶಸ್ತ್ರ ಗುಂಪಿನ ನಾಯಕ ಮಾತೆರ್ನುಸ್ ಬೇರೆ ಎಂಬಾತ, ಗಡಿ ದಾಟಿ ಬಂದಾಗ 2009ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದ. ಜನಮತಗಣನೆಯ ಹತ್ತನೇ ವಾರ್ಷಿಕದ ದಿನವೇ, ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನನ್ನು ಹೊರಬಿಟ್ಟು ಇಂಡೋನೇಷ್ಯಾದ ವಶಕ್ಕೆ ಕೊಡಲಾಯಿತು. ಅಂದು ಅಧ್ಯಕ್ಷರಾಗಿದ್ದ ನೀವು ಅದನ್ನು ಸಮರ್ಥಿಸಿದಿರಿ. ಅಂತರರಾಷ್ಟ್ರೀಯ ನ್ಯಾಯಮಂಡಳಿ ಬೇಡವೆಂದೂ ಹೇಳಿದಿರಿ.

ನಿಮ್ಮ ಕಾರಣ ನನಗೆ ಅರ್ಥವಾಗದೆ ಇಲ್ಲ. ಅರ್ಧ ದ್ವೀಪ ಇಂಡೋನೇಷ್ಯಾದವರದು, ಅಂಗಡಿಯ ಸಾಮಾನು ಬರುವುದು ಅವರಲ್ಲಿಂದ, ಅವರ ಸೇನೆ ಗಡಿಯಾಚೆಗೇ ಇದೆ. ನೆರೆಯವರೊಂದಿಗೆ ಹಗೆ ಸಾಧಿಸಿ ಹದಿಮೂರು ಲಕ್ಷ ಜನರ ದೇಶ ಬಾಳಲಾರದು. 2025ರ ಅಕ್ಟೋಬರ್‌ನಲ್ಲಿ ಆಸಿಯಾನ್‌ನ ಹನ್ನೊಂದನೇ ಸದಸ್ಯರಾದದ್ದಕ್ಕೂ ಆ ತಾಳ್ಮೆಯೇ ದಾರಿ ಮಾಡಿತು. ಅಷ್ಟನ್ನೂ ಒಪ್ಪಿಯೇ ಹೇಳುತ್ತೇನೆ: ಗಡಿಯ ಶಾಂತಿಗೆ ತೆತ್ತ ಬೆಲೆಯನ್ನು ಅರಮನೆಯವರು ಕೊಡಲಿಲ್ಲ, ಸುವಾಯಿಯ ವಿಧವೆಯರು ಕೊಟ್ಟರು. ಸಮವಸ್ತ್ರ ತೊಟ್ಟು ಕೊಂದವನಿಗೆ ಏನೂ ಆಗುವುದಿಲ್ಲ ಎಂದು ಕಂಡುಕೊಂಡ ನಾಡಿನಲ್ಲಿ 2006 ಮತ್ತೆ ಬರಬಾರದು ಎಂದು ಹೇಳಿದರೆ, ಬಂದೂಕು ಹಿಡಿದ ಹುಡುಗರು ಅದನ್ನು ಯಾಕಾಗಿ ನಂಬಬೇಕು?

ಮುದುಕರಾದ ಸೇನಾಧಿಕಾರಿಗಳನ್ನೆಲ್ಲ ಕಟಕಟೆಗೆ ಎಳೆಯಿರಿ ಎಂದು ಕೇಳುತ್ತಿಲ್ಲ. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೇರೆ. ಹೋರಾಡಿದವರಿಗೂ ಹುತಾತ್ಮರ ಮನೆಯವರಿಗೂ ನಿಮ್ಮ ಸರ್ಕಾರ ಪಿಂಚಣಿ ಕೊಡುತ್ತದೆ, ಕೊಡಲೇಬೇಕು. ಆದರೆ ಸೈನಿಕರ ಶಿಬಿರದಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸು, ಚಿತ್ರಹಿಂಸೆಯಿಂದ ಕೈಕಾಲು ಕಳೆದುಕೊಂಡ ರೈತ ಆ ಪಟ್ಟಿಯಲ್ಲಿ ಎಲ್ಲಿ? ಅವರಿಗೆ ಪರಿಹಾರ ಕೊಡಿ ಎಂದು ಆಯೋಗ 2005ರಲ್ಲೇ ಹೇಳಿತು. 2010ರಲ್ಲಿ ಸಂಸತ್ತಿಗೆ ಬಂದ ಕರಡು ಮುಂದಕ್ಕೆ ಮುಂದಕ್ಕೆ ಹೋಯಿತು. ಬಾಯು-ಉಂಡಾನ್ ನಿಕ್ಷೇಪದ ಅನಿಲ ಬತ್ತಿದೆ. ಪೆಟ್ರೋಲಿಯಂ ನಿಧಿಯಲ್ಲಿ ಇನ್ನೂ ಹಣವಿರುವಾಗಲೇ, ಆ ಹೆಂಗಸರು ಬದುಕಿರುವಾಗಲೇ, ಆ ಕಾನೂನನ್ನು ತರುವಂತೆ ಸಂಸತ್ತಿಗೆ ಹೇಳಿ.

ಇನ್ನೊಂದು ಕೆಲಸ ನಿಮ್ಮಂಥ ರಾಯಭಾರಿಯಿಂದಲೇ ಆಗಬೇಕಾದದ್ದು. ಆಕ್ರಮಣದ ವರ್ಷಗಳಲ್ಲಿ ಸಾವಿರಾರು ಮಕ್ಕಳನ್ನು ಇಂಡೋನೇಷ್ಯಾಕ್ಕೆ ಒಯ್ದರು. ಈಗ ನಡುವಯಸ್ಸು ದಾಟಿದ ಕೆಲವರು ಹುಡುಕಿಕೊಂಡು ಬಂದು ಮನೆಯವರನ್ನು ಕಂಡಿದ್ದಾರೆ. ಬಹಳ ಮಂದಿಯ ಸುಳಿವಿಲ್ಲ, ಅವರ ತಾಯಂದಿರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಇಂದಿನ ಇಂಡೋನೇಷ್ಯಾ ಅಧ್ಯಕ್ಷ ಪ್ರಬೋವೊ ಒಂದು ಕಾಲದಲ್ಲಿ ಸೈನಿಕನಾಗಿ ನಿಮ್ಮ ನೆಲದಲ್ಲಿದ್ದವರು. ಸೇನೆಯ ಕಡತಗಳನ್ನು ತೆರೆಸುವ ಅಧಿಕಾರ ಅವರಿಗಿದೆ, ಅವರೆದುರು ಕೂತು ಕೇಳುವ ಸ್ಥಾನ ನಿಮಗಿದೆ. ನಿಮ್ಮ ಅವಧಿ 2027ರ ಮೇ ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ದಯವಿಟ್ಟು ಕೇಳಿ.

ಗೌರವದಿಂದ,
ಕನ್ನಡದ ಒಬ್ಬ ಬರಹಗಾರ