ನಗೆಯ ಒನಕೆ

ಅಂಚೆಯಣ್ಣ ತರುತ್ತಿದ್ದ ಕಾಗದಗಳ ನಡುವೆ ಒಂದು ಜಾತಿಯ ಕಾರ್ಡು ಕಂಡರೆ ಹಿಂದಿನ ತಲೆಮಾರಿನವರ ಎದೆ ಝಲ್ಲೆನ್ನುತ್ತಿತ್ತು. ಬರೆದವರ ಹೆಸರಿಲ್ಲ, ಊರಿಲ್ಲ. ಮೇಲೆ ದೇವರ ಹೆಸರು, ಕೆಳಗೆ ಬೆದರಿಕೆ. ‘ಇದನ್ನು 21 ಮಂದಿಗೆ ಬರೆದು ಕಳಿಸಿದರೆ ಸಂಪತ್ತು, ಹರಿದು ಹಾಕಿದರೆ ಆಪತ್ತು.’ ನಂಬದವರೂ ‘ಯಾಕೆ ಬೇಕು ಪೀಕಲಾಟ’ ಎಂದು ಹುಡುಗರ ಕೈಲಿ 21 ಕಾರ್ಡು ತರಿಸುತ್ತಿದ್ದರು. ಕಾರ್ಡಿಗೆ 15 ಪೈಸೆ ಇದ್ದ ಕಾಲದಲ್ಲಿ ಆಪತ್ತನ್ನು ಪಕ್ಕದ ಮನೆಗೆ ದಾಟಿಸಲು ತಗಲುತ್ತಿದ್ದ ಖರ್ಚು 3 ರೂಪಾಯಿ 15 ಪೈಸೆ!

ಈ ಭಯಕ್ಕೆ ಮದ್ದು ಗಣಿತದ ಪುಸ್ತಕದಲ್ಲೇ ಇತ್ತು. ಒಬ್ಬ 21 ಜನಕ್ಕೆ ಬರೆದ. ಆ 21 ಜನ ತಲಾ 21 ಜನಕ್ಕೆ ಬರೆದರು ಎನ್ನಿ. ಎರಡನೇ ಸುತ್ತಿಗೆ 441 ಕಾರ್ಡು, ಮೂರನೇ ಸುತ್ತಿಗೆ 9,261. ಹೀಗೇ ಗುಣಿಸುತ್ತ ಹೋದರೆ ಏಳನೇ ಸುತ್ತಿಗೆ 180 ಕೋಟಿ ದಾಟುತ್ತದೆ. 1991ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ 84 ಕೋಟಿ ಚಿಲ್ಲರೆ. ಅಂದರೆ ತೊಟ್ಟಿಲ ಕೂಸಿಗೂ ಎರಡೆರಡು ಕಾರ್ಡು! ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳಿಗೆ ನಗು ಬರುತ್ತದೆ. ನಗು ಬಂದ ಕಡೆ ಭಯಕ್ಕೆ ಜಾಗ ಕಡಿಮೆ.

ಆ ಕಾರ್ಡುಗಳು ಈಗ ಅಪರೂಪ. ಅವುಗಳ ಮರಿಮಕ್ಕಳು ಮಾತ್ರ ಮನೆಮಂದಿಯ ಮೊಬೈಲಿನಲ್ಲಿ ಸಂಸಾರ ಹೂಡಿವೆ. ಇವಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಸ್ಪ್ಯಾಮ್. ಅದು ಮೂಲತಃ ಡಬ್ಬಿಯಲ್ಲಿ ಬರುವ ಒಂದು ಬಗೆಯ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯತಂಡ ದೂರದರ್ಶನದಲ್ಲಿ ಒಂದು ಪ್ರಹಸನ ಆಡಿತು. ಹೋಟೆಲಿನ ತಿಂಡಿಪಟ್ಟಿಯ ತುಂಬ ಸ್ಪ್ಯಾಮೋ ಸ್ಪ್ಯಾಮು, ಬೇಡವೆಂದರೂ ಬಿಡದು. ಬೇಡವೆಂದರೂ ಬರುವ ಕಾಗದಕ್ಕೂ ಕೊನೆಗೆ ಅದೇ ಹೆಸರು ಅಂಟಿತು. 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದ್ದನ್ನು ಈ ವಂಶದ ಮೂಲಪುರುಷ ಎನ್ನುತ್ತಾರೆ.

ಮೂಲಪುರುಷ ಸರಕು ಮಾರಲು ಹೊರಟಿದ್ದ. ಇಂದಿನ ವಂಶಸ್ಥರಲ್ಲಿ ಅನೇಕರಿಗೆ ಮಾರಲು ಸರಕೇ ಇಲ್ಲ. ಬೇಕಾದದ್ದು ಓದುವವರ ದುಡ್ಡು. ‘ಎತ್ತು ಈಯಿತು’ ಎಂದು ಬರೆದು ಕಳಿಸುತ್ತಾರೆ. ‘ಕೊಟ್ಟಿಗೆಗೆ ಕಟ್ಟು’ ಎನ್ನುವವರಿಗಾಗಿ ಕಾದು ಕೂರುತ್ತಾರೆ. ಇವರನ್ನು ಎದುರಿಸಲು ಮನೆಯಲ್ಲೇ ಆಡಬಹುದಾದ ಒಂದು ಆಟವಿದೆ. ಬಂದ ಸಂದೇಶವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಉಳಿದವರು ಅದಕ್ಕೊಂದು ತಮಾಷೆಯ ಉತ್ತರ ಹೇಳಬೇಕು. ಮಕ್ಕಳು ಅದನ್ನು ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಬೇಕು.

‘ನಿಮಗೆ ಲಾಟರಿಯಲ್ಲಿ 25 ಲಕ್ಷ ಬಂದಿದೆ, ತೆರಿಗೆಗೆ ಮೊದಲು 12 ಸಾವಿರ ಕಟ್ಟಿ.’ ಇದಕ್ಕೆ ಉತ್ತರ: ‘ಸ್ವಾಮಿ, ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಕೊಡುವ ಧರ್ಮಾತ್ಮರು ತಾವು. ಆ 12 ಸಾವಿರವನ್ನು ನಮ್ಮ 25 ಲಕ್ಷದಲ್ಲೇ ಹಿಡಿದುಕೊಂಡು ಮಿಕ್ಕದ್ದು ಕಳಿಸಿಕೊಡಿ.’

‘ಬಿಲ್ ಬಾಕಿ ಇದೆ, ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಡಿತ. ಈ ನಂಬರಿಗೆ ತಕ್ಷಣ ಕರೆ ಮಾಡಿ.’ 2022ರ ಸುಮಾರಿಗೆ ಊರೂರಿಗೂ ಹಬ್ಬಿದ ಸಂದೇಶ ಇದು. ಹೊಳಲ್ಕೆರೆಯ ಹಳ್ಳಿಗಳಿಂದ ಉತ್ತರ ಹೀಗೆ ಹೋಗಬಹುದು: ‘ಕರೆಂಟು ನಮ್ಮೂರಲ್ಲಿ ಹೇಳಿ ಹೋಗುವ ಪದ್ಧತಿ ಯಾವಾಗಿನಿಂದ ಶುರುವಾಯಿತು? ಅಲ್ಲದೆ 2023ರ ಗೃಹಜ್ಯೋತಿಯಿಂದ ನಮ್ಮದು ಸೊನ್ನೆ ಬಿಲ್ಲು. ಸೊನ್ನೆಯಲ್ಲಿ ಬಾಕಿ ಎಷ್ಟು ಎಂದು ಮಗನ ಕೈಲಿ ಲೆಕ್ಕ ಮಾಡಿಸುತ್ತಿದ್ದೇವೆ.’

‘ನಿಮ್ಮ ಜಮೀನಿನಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ತಿಂಗಳಿಗೆ 40 ಸಾವಿರ ಬಾಡಿಗೆ, ನೋಂದಣಿ ಶುಲ್ಕ ಮಾತ್ರ ನಿಮ್ಮದು.’ ಹೊಸದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳನ್ನು ದಿನಾ ನೋಡುವ ರೈತ ಕೇಳಬಹುದು: ‘ನಮ್ಮ ಹೊಲದಲ್ಲಿ ಸದ್ಯಕ್ಕೆ ಗಾಳಿ ಮಾತ್ರ ಇದೆ. ಅದಕ್ಕೂ ಬಾಡಿಗೆ ಉಂಟೋ?’

‘ಇನ್ನು 10 ನಿಮಿಷದಲ್ಲಿ ಹಣ ಕಟ್ಟದಿದ್ದರೆ ಖಾತೆ ಬಂದ್’ ಎಂಬ ಬೆದರಿಕೆಗೆ ಹಿರಿಯೂರಿನವರ ಉತ್ತರವೇ ಸೊಗಸು: ‘ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು, ಮತ್ತೆ ತುಂಬಿದ್ದು 2022ರಲ್ಲಿ. 89 ವರ್ಷ ಕಾದ ಜನ ನಾವು. ತಾವೂ ಸ್ವಲ್ಪ ಕಾಯಿರಿ.’

ನಗುತ್ತ ನಗುತ್ತಲೇ ಮಕ್ಕಳು ಮೂರು ಪ್ರಶ್ನೆ ಕಲಿತಿರುತ್ತಾರೆ. ಇದನ್ನು ಕೇಳಿದವರು ಯಾರು? ಇಷ್ಟು ಅವಸರ ಯಾಕೆ? ಕೊಡುವವನೇ ಯಾಕೆ ಬೇಡುತ್ತಿದ್ದಾನೆ? ಬಹುತೇಕ ಮೋಸಗಳು ಈ ಮೂರರಲ್ಲಿ ಒಂದಕ್ಕಾದರೂ ಉತ್ತರ ಹೇಳಲಾರವು.

ಆದರೆ ಆಟಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಬರೆದ ಉತ್ತರ ನೋಟುಬುಕ್ಕಿನಲ್ಲೇ ಇರಬೇಕು, ಕಳಿಸಕೂಡದು. ಬ್ರಿಟನ್ನಿನ ಹಾಸ್ಯಗಾರ ಜೇಮ್ಸ್ ವೀಚ್ ಎಂಬಾತ ಚಿನ್ನ ಮಾರುವುದಾಗಿ ಬರೆದ ಮೋಸಗಾರನಿಗೆ ಉತ್ತರಿಸುತ್ತಲೇ ಹೋಗಿ, ಬ್ಯಾಂಕು, ವಕೀಲ ಎಂಬ ಮಾತುಗಳ ಬದಲು ಮಿಠಾಯಿಗಳ ಹೆಸರನ್ನು ಗುಪ್ತಭಾಷೆಯಾಗಿ ಬಳಸುವಂತೆ ಅವನನ್ನೇ ಒಪ್ಪಿಸಿದ. 2015ರಲ್ಲಿ ಅವನು ವೇದಿಕೆಯ ಮೇಲೆ ಈ ಕಥೆ ಹೇಳಿದಾಗ ಸಭೆ ಬಿದ್ದುಬಿದ್ದು ನಕ್ಕಿತು. ಇಂಥ ಆಟಕ್ಕೆ ಬೇರೆ ಹೆಸರಿನ ವಿಳಾಸ ಬಳಸಬೇಕೆಂದು ಆತನೇ ಹೇಳಿದ. ಇಲ್ಲಿ ಹಾಗಲ್ಲ. ಮನೆಯ ನಂಬರಿನಿಂದ ಒಂದು ಸಾಲು ಹೋದರೂ ‘ಈ ನಂಬರು ಬದುಕಿದೆ, ಓದುವವರಿದ್ದಾರೆ’ ಎಂದು ಆ ಕಡೆಯವನಿಗೆ ತಿಳಿಯುತ್ತದೆ. ಹತ್ತು ಬರುತ್ತಿದ್ದ ಕಡೆ ನೂರು ಬರುತ್ತವೆ.

ಈ ಯುದ್ಧನೀತಿಯನ್ನು ಚಿತ್ರದುರ್ಗದವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದಾಗ ಓಬವ್ವ ಆಚೆ ಇಣುಕಿ ಅವರೊಡನೆ ವಾದಕ್ಕೆ ನಿಲ್ಲಲಿಲ್ಲ. ತಾನಿರುವ ಸುಳಿವು ಕೊಡದೆ ಒಳಗೇ ನಿಂತು, ಕೈಗೆ ಸಿಕ್ಕ ಒನಕೆಯಿಂದ ಕೆಲಸ ಮುಗಿಸಿದಳು ಎಂಬುದು ನಾಡಿನ ಮಕ್ಕಳೆಲ್ಲ ಕೇಳಿದ ಕಥೆ. ಮೊಬೈಲೂ ಒಂದು ಕಿಂಡಿಯೇ. ಮೌನವಾಗಿ ಬೀಸುವ ಒನಕೆಗಳು ಇಲ್ಲಿಯೂ ಇವೆ. 1909ಕ್ಕೆ ಕರೆ ಮಾಡಿ ಜಾಹೀರಾತು ಬೇಡವೆಂದು ನೋಂದಾಯಿಸಬಹುದು. ಆಮೇಲೂ ಬಂದರೆ ಅಲ್ಲಿಗೇ ದೂರು ಕೊಡಬಹುದು. ಮೋಸದ ವಾಸನೆ ಬಂದರೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ 2024ರಿಂದ ‘ಚಕ್ಷು’ ಎಂಬ ವಿಭಾಗವಿದೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ದೂರು ತಲುಪಿದರೆ ತಡೆಹಿಡಿಯುವ ಅವಕಾಶ ಹೆಚ್ಚು. ಕರೆಂಟಿನ ಅನುಮಾನವಿದ್ದರೆ ಸಂದೇಶದಲ್ಲಿರುವ ನಂಬರಿಗಲ್ಲ, 1912ಕ್ಕೆ ಕೇಳಬೇಕು.

ಇಷ್ಟೆಲ್ಲ ಇದ್ದೂ ಓದಿದ ಮಕ್ಕಳೇ ಬಲೆಗೆ ಬೀಳುವುದುಂಟು. ಪರೀಕ್ಷೆ ಮುಗಿಸಿ ಮನೆಯಲ್ಲಿ ಕುಳಿತ ಹುಡುಗನಿಗೆ ‘ವಿಡಿಯೊ ಮೆಚ್ಚಿದರೆ ದಿನಕ್ಕೆ 3 ಸಾವಿರ’ ಎಂಬ ಕೆಲಸದ ಸಂದೇಶ ಬರುತ್ತದೆ. ಮೊದಲು 150 ರೂಪಾಯಿ ನಿಜಕ್ಕೂ ಖಾತೆಗೆ ಬೀಳುತ್ತದೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಅದು. ಆಮೇಲೆ ‘ಸಾವಿರ ಕಟ್ಟಿದರೆ ಎರಡು ಸಾವಿರ’ ಎನ್ನುತ್ತಾರೆ, ಬಳಿಕ ಹತ್ತು ಸಾವಿರ ಕೇಳುತ್ತಾರೆ. ಅಪ್ಪ ಕಾಲೇಜು ಶುಲ್ಕಕ್ಕೆಂದು ಇಟ್ಟ ದುಡ್ಡು ಕರಗುತ್ತದೆ. ಅದನ್ನು ತುಂಬಲು ಹುಡುಗ ಮೊಬೈಲಿನಲ್ಲೇ ಸಾಲ ಕೊಡುವ ಇನ್ನೊಬ್ಬ ಅಪರಿಚಿತನ ಕೈಗೆ ಬೀಳುತ್ತಾನೆ. ಆ ಕಡೆಯವನು ಬಲಿಯುವುದು ಹುಡುಗನ ಮೌನದಿಂದ. ‘ಅಪ್ಪನಿಗೆ ಹೇಗೆ ಹೇಳಲಿ, ಬೈದರೆ?’ ಎಂದು ಬಾಯಿ ಮುಚ್ಚಿದಷ್ಟು ದಿನವೂ ಸುಲಿಗೆ ನಡೆಯುತ್ತದೆ.

ಆದ್ದರಿಂದಲೇ ಮನೆಯ ಈ ಆಟಕ್ಕೆ ಬೆಲೆ. ಊಟಕ್ಕೆ ಕೂತಾಗ ‘ಇವತ್ತು ಯಾರಪ್ಪಾ ಲಕ್ಷ ಕೊಟ್ಟವರು?’ ಎಂದು ತಾಯಿ ಕೇಳಿ, ಅಜ್ಜ ತನಗೆ ಬಂದ ಸಂದೇಶವನ್ನೂ ನಗುತ್ತ ಓದಿಸುವ ಮನೆಯಲ್ಲಿ ಮಗ ಹೆದರಿ ಬಚ್ಚಿಡುವುದಿಲ್ಲ. ಆದರೆ ತಂದೆತಾಯಿ ಒಂದನ್ನು ನೆನಪಿಡಬೇಕು. ನಗಬೇಕಾದದ್ದು ಸಂದೇಶವನ್ನು ನೋಡಿ. ಮೋಸಹೋದ ಮಗನನ್ನು ನೋಡಿ ಅಲ್ಲ. ಅವನು ತಲೆತಗ್ಗಿಸಿ ಬಂದು ನಿಂತ ದಿನ ಮೊದಲು 1930ಕ್ಕೆ ಕರೆ ಮಾಡಿ. ಬುದ್ಧಿವಾದ ನಾಳೆಗಿರಲಿ.