ಸಾಮಾನ್ಯರ ಕೆರೆಯೂ ಹೂಳೆತ್ತುವ ಕೈಗಳೂ

ಊರ ಕೆರೆಯಲ್ಲಿ ನೀರು ತುಂಬಿರುವವರೆಗೆ ಹೂಳಿನ ಚಿಂತೆ ಯಾರಿಗೂ ಇರುವುದಿಲ್ಲ. ತೂಬು ಕಟ್ಟಿಕೊಂಡು ಗದ್ದೆ ಒಣಗಿದ ದಿನ ಮಾತ್ರ ಎಲ್ಲರೂ ಏರಿಯ ಮೇಲೆ ನೆರೆದು, ಇದರ ಹೊಣೆ ಯಾರದೆಂದು ಒಬ್ಬರ ಮುಖವನ್ನೊಬ್ಬರು ನೋಡುವರು. ಲೋಕದ ಗಣಕಯಂತ್ರಗಳೆಲ್ಲ ಇಂದು ಯಾವ ಸಾಮಾನ್ಯ ಕೆರೆಯ ನೀರನ್ನು ಉಣ್ಣುತ್ತಿರುವವೋ ಅದರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿಲ್ಲ. ಬೆಂಗಳೂರಿನ ಅನ್ನವು ಆ ಕೆರೆಯನ್ನೇ ಬಹುಮಟ್ಟಿಗೆ ಆಶ್ರಯಿಸಿರುವುದರಿಂದ ಈ ವಿಚಾರವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ತಂತ್ರಾಂಶ ಬರೆಯುವವರು ತಮ್ಮ ಉಪಕರಣಗಳನ್ನು ಪರಸ್ಪರ ಹಂಚಿಕೊಳ್ಳುವ ಪದ್ಧತಿ ಇಂದು ನಿನ್ನೆಯದಲ್ಲ. 1983ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ನರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಲೋಕಕ್ಕೆ ಬಿಟ್ಟುಕೊಟ್ಟರು. 2005ರಲ್ಲಿ ಅವರೇ ರಚಿಸಿದ ಗಿಟ್ ಎಂಬ ಸಾಧನದಿಂದ, ಸಮುದ್ರಗಳಾಚೆ ಇರುವವರೂ ಒಂದೇ ಬರಹವನ್ನು ಕೂಡಿ ತಿದ್ದುವುದು ಸುಲಭವಾಯಿತು. ಮೂಲವನ್ನು ಬಚ್ಚಿಡದೆ, ಯಾರಾದರೂ ಓದಿರಿ, ತಿದ್ದಿರಿ, ಬಳಸಿರಿ ಎಂಬ ಈ ಔದಾರ್ಯದ ಫಲವಾಗಿ, ಇಂದು ಜಾಲತಾಣ ಕಟ್ಟುವವನು ತಾನು ಬರೆಯುವುದಕ್ಕಿಂತ ಹೆಚ್ಚಿನದನ್ನು ಅನ್ಯರ ಭಂಡಾರದಿಂದ ತಂದು ಜೋಡಿಸುವನು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಆದರೆ ಆ ಭಂಡಾರವನ್ನು ಕಾಯುವವರಾರೆಂದು ಕೇಳುವವರೇ ವಿರಳ.

ಕೇಳದೆ ಹೋದುದರ ಪರಿಣಾಮವನ್ನು ಎರಡು ಸಂಗತಿಗಳಿಂದ ತಿಳಿಯಬಹುದು. 2016ರ ಮಾರ್ಚ್ ತಿಂಗಳಲ್ಲಿ, ಒಂದು ಹೆಸರಿನ ವ್ಯಾಜ್ಯದಿಂದ ಮನನೊಂದ ಕರ್ತೃವೊಬ್ಬನು ಎನ್‌ಪಿಎಂ ಎಂಬ ಭಂಡಾರದಲ್ಲಿಟ್ಟಿದ್ದ ತನ್ನ ತುಣುಕುಗಳನ್ನೆಲ್ಲ ಹಿಂತೆಗೆದುಕೊಂಡನು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದೊಂದು. 11 ಸಾಲಿನ ಬರಹ. ಅಕ್ಷರಗಳ ಎಡಬದಿಯಲ್ಲಿ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲವಾದೊಡನೆ ಎಷ್ಟೋ ಪ್ರಸಿದ್ಧ ಸಾಧನಗಳನ್ನು ಕಟ್ಟುವ ಕೆಲಸವೇ ನಿಂತುಹೋಯಿತು. ಭಂಡಾರದವರು ಕೆಲವು ತಾಸುಗಳೊಳಗೆ ಅದನ್ನು ಮರಳಿ ಇರಿಸಬೇಕಾಯಿತು.

ಎರಡನೆಯದು ಇದಕ್ಕಿಂತ ಭಯಂಕರ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಉಪಕರಣವನ್ನು ಒಬ್ಬ ಮನುಷ್ಯನು ಸಂಬಳವಿಲ್ಲದೆ ಬಹುವರ್ಷ ನೋಡಿಕೊಂಡು ಬಂದಿದ್ದನು. ಕೆಲಸ ನಿಧಾನವಾಯಿತೆಂದು ಬೇರೆ ಬೇರೆ ಹೆಸರಿನಲ್ಲಿ ಅವನ ಮೇಲೆ ಒತ್ತಡ ಬಂದಿತು. ಅದೇ ವೇಳೆಗೆ ಸಹಾಯಕನ ವೇಷದಲ್ಲಿ ಬಂದ ಅಜ್ಞಾತನೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸಗಾರನಂತೆ ನಡೆದು, ವಿಶ್ವಾಸ ಗಳಿಸಿ, ಕೊನೆಗೆ 2024ರಲ್ಲಿ ಅದರೊಳಗೆ ಕಳ್ಳಬಾಗಿಲನ್ನು ಕೂರಿಸಿದನು. ಆ ವರ್ಷದ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡರೆಂಬ ತಂತ್ರಜ್ಞರು ಅದನ್ನು ಬಯಲಿಗೆಳೆದರು. ದೂರದ ಯಂತ್ರದೊಳಗೆ ಪ್ರವೇಶಿಸಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುವುದೇಕೆಂದು ಸಂಶಯಪಟ್ಟದ್ದೇ ಅವರಿಗೆ ದಾರಿಯಾಯಿತು. ಮೂಲವು ತೆರೆದಿದ್ದುದರಿಂದಲೇ ಅವರು ಶೋಧಿಸಬಲ್ಲವರಾದರು ಎಂಬುದನ್ನು ಮರೆಯಲಾಗದು. ಆದುದರಿಂದ ಬಾಗಿಲು ಮುಚ್ಚುವುದು ಇದಕ್ಕೆ ಮದ್ದಲ್ಲ. ಕಾವಲುಗಾರನನ್ನು ಒಂಟಿಯಾಗಿ ಬಿಟ್ಟದ್ದೇ ರೋಗದ ಮೂಲ.

ಉಂಡವರಿಗೂ ಬಡಿಸಿದವರಿಗೂ ಇರುವ ಅಂತರವನ್ನು ಅಳೆದು ನೋಡಿದವರಿದ್ದಾರೆ. ಹಾರ್ವರ್ಡಿನ ವ್ಯವಹಾರ ಶಾಲೆಯಿಂದ 2024ರಲ್ಲಿ ಹೊರಟ ಸಂಶೋಧನೆಯ ಪ್ರಕಾರ, ಬಹುವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವನ್ನು ಒಮ್ಮೆ ಹೊಸದಾಗಿ ಬರೆಯಲು 415 ಕೋಟಿ ಡಾಲರ್ ಸಾಕು. ಆದರೆ ಅದಿಲ್ಲದೆ ಬಳಸುವವರು ತಾವು ತಾವೇ ರಚಿಸಿಕೊಳ್ಳಬೇಕಾದರೆ 8.8 ಲಕ್ಷ ಕೋಟಿ ಡಾಲರ್ ತಗಲುವುದು.

ಇಷ್ಟೊಂದು ಲಾಭ ಪಡೆಯುವವರು ಪಾಲನೆಯನ್ನು ಮರೆಯುವುದೇಕೆ? ಕೆಲಸದ ಕ್ರಮವೇ ಮರೆಯಿಸುತ್ತಿದೆ ಎಂದು ನಮಗೆ ತೋರುತ್ತದೆ. 2001ರ ಫೆಬ್ರುವರಿಯಲ್ಲಿ ಅಮೇರಿಕೆಯ ಯೂಟಾ ಪ್ರಾಂತದ ಸ್ನೋಬರ್ಡಿನಲ್ಲಿ 17 ಮಂದಿ ಕೂಡಿ ಅಜೈಲ್ ಎಂಬ ಘೋಷಣೆಯನ್ನು ಹೊರಡಿಸಿದರು. ದಪ್ಪ ದಪ್ಪ ಕಾಗದಪತ್ರಗಳಿಗಿಂತ ನಡೆಯುವ ತಂತ್ರಾಂಶ ಮೇಲು, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮೇಲು ಎಂಬುದು ಅವರ ಮತ. ಅವರ 12 ತತ್ತ್ವಗಳಲ್ಲಿ ಉತ್ತಮ ರಚನೆಯ ಕಡೆಗೆ ಎಡೆಬಿಡದ ಲಕ್ಷ್ಯವೂ, ಬಹುಕಾಲ ತಾಳಬಲ್ಲ ನಡಿಗೆಯೂ ಸೇರಿದ್ದುವು. ಕಚೇರಿಗಳಲ್ಲಿ ಇಂದು ಹೆಚ್ಚಾಗಿ ಉಳಿದಿರುವುದೇನು? ಬೆಳಗಿನ ನಿಂತ ಸಭೆ, ಎರಡು ವಾರದ ಸ್ಪ್ರಿಂಟು, ಹಲಗೆಯ ಮೇಲಣ ಚೀಟಿ! ಗಿರಾಕಿ ಕೇಳಿದ್ದಕ್ಕೆ ಚೀಟಿಯುಂಟು. ಎರವಲು ತಂದ ಉಪಕರಣದ ದುರಸ್ತಿಗೆ ಚೀಟಿಯಿಲ್ಲ. ಚೀಟಿಯಿಲ್ಲದ ಕೆಲಸಕ್ಕೆ ಹೊತ್ತಿಲ್ಲ. ತತ್ತ್ವವು ಹೋಗಿ ಆಚಾರ ಮಾತ್ರ ನಿಂತರೆ ಯಾವ ಧರ್ಮಕ್ಕಾದರೂ ಇದೇ ಗತಿ.

ಬಳಸಲು ಕರ್ತೃವೇ ಅನುಮತಿ ಕೊಟ್ಟಿರುವಾಗ ಋಣವೆಲ್ಲಿಯದೆಂದು ಕೆಲವರು ಕೇಳಬಹುದು. ನಿಜ, ಕಾನೂನಿನ ಋಣವಿಲ್ಲ. ಆದರೆ ಸಾಮಾನ್ಯವಾಗಿ ಅದೇ ಅನುಮತಿಪತ್ರವು, ಈ ತಂತ್ರಾಂಶಕ್ಕೆ ಯಾವ ಭರವಸೆಯೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿರುತ್ತದೆ. ಅಂದಮೇಲೆ ಅಪಾಯವೆಲ್ಲ ಬಳಸುವವನ ತಲೆಯ ಮೇಲೆಯೇ. ಪಾಲನೆಗೆ ಕೊಡುವ ಹಣವೂ ಹೊತ್ತೂ ಭಿಕ್ಷೆಯಲ್ಲ. ತನ್ನ ಮನೆಯ ತಳಹದಿಗೆ ತಾನು ಹಾಕುವ ಗಾರೆ.

ಜರ್ಮನಿಯ ಸರಕಾರವು ಇದನ್ನು ಅರಿತು 2022ರಲ್ಲಿಯೇ ಇಂಥ ಮೂಲಸಾಧನಗಳಿಗೆ ನಿಧಿಯೊಂದನ್ನು ಸ್ಥಾಪಿಸಿತು. ಭಾರತ ಸರಕಾರವು 2015ರಲ್ಲಿ, ತನ್ನ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿತು. ಬಳಸಿರಿ ಎಂದದ್ದು ಒಳ್ಳೆಯದೇ. ಬಳಸುವವರು ಪಾಲಿಸಬೇಕೆಂಬ ಮಾತೂ ಅದರ ಜೊತೆಗೆ ಬರಬೇಕು. 2024ರಲ್ಲಿ ಬೆಂಗಳೂರಿನ ಝೆರೋಧಾ ಸಂಸ್ಥೆಯವರು ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯನ್ನು ಇದಕ್ಕಾಗಿ ಘೋಷಿಸಿದ್ದು ಮೆಚ್ಚತಕ್ಕ ಕೆಲಸ. ಆದರೆ ಇಷ್ಟು ದೊಡ್ಡ ನಗರದ ಉದ್ಯಮಕ್ಕೆ ಒಬ್ಬರ ದಾನವೇ ಸಾಕೆಂದುಕೊಳ್ಳುವುದು ಮಾನವಲ್ಲ.

ಮಾಡಬೇಕಾದದ್ದು ಬಹಳ ಕಠಿಣವೇನೂ ಅಲ್ಲ. ಪ್ರತಿಯೊಂದು ಸಂಸ್ಥೆಯೂ ತಾನು ಆಶ್ರಯಿಸಿದ ಉಪಕರಣಗಳ ಪಟ್ಟಿ ಮಾಡಿ, ಅವುಗಳಲ್ಲಿ ಯಾವುವು ಒಬ್ಬಿಬ್ಬರ ಕೈಯಲ್ಲಿಯೇ ನಿಂತಿವೆಯೆಂದು ನೋಡಲಿ. ಎರಡು ವಾರದ ಹಲಗೆಯ ಮೇಲೆ ಅವುಗಳ ದುರಸ್ತಿಗೂ ಒಂದು ಚೀಟಿ ಏರಲಿ. ನಮ್ಮ ತಂತ್ರಶಾಲೆಗಳ ಮೇಷ್ಟರುಗಳು, ಅಲಂಕಾರದ ಪ್ರಬಂಧಕ್ಕೆ ಬದಲಾಗಿ, ಬಳಕೆಯಲ್ಲಿರುವ ಒಂದು ಉಪಕರಣದ ಒಂದು ದೋಷವನ್ನಾದರೂ ವಿದ್ಯಾರ್ಥಿಯಿಂದ ತಿದ್ದಿಸಲಿ. ಹನಿ ಕೂಡಿ ಹಳ್ಳವಾಗುವುದು.

ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಹೂಳೆತ್ತಿದವರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಆದರೂ ಬೆಳೆ ಬಂದದ್ದು ಅವರಿಂದ. ನೀರುಂಡ ನಮ್ಮವರು ಮುಂದಿನ ಬರಗಾಲದವರೆಗೆ ಕಾಯದೆ ಈಗಲೇ ಗುದ್ದಲಿ ಹಿಡಿಯಲಿ.