ಕಣ್ಣೊಳಗಿನ ಚಿಪ್‌ ರಿಪೇರಿ ಮಾಡುವವರು ಯಾರು?

ನನ್ನ ಸೋದರಮಾವನಿಗೆ ಹೊತ್ತು ಮುಳುಗಿತೆಂದರೆ ಏನೂ ಕಾಣುವುದಿಲ್ಲ. ಹಗಲಲ್ಲೂ ಅಷ್ಟೇ, ಕೊಳವೆಯೊಳಗಿಂದ ಇಣುಕಿದ ಹಾಗೆ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ. ರೆಟಿನೈಟಿಸ್‌ ಪಿಗ್ಮೆಂಟೋಸ ಎಂದರು ಡಾಕ್ಟರು. ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಮೆಲ್ಲಗೆ ಸಾಯುತ್ತಾ ಹೋಗುವ ಆನುವಂಶಿಕ ಕಾಯಿಲೆ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್‌ ಆದ್ದರಿಂದ ಊರಿಗೆ ಹೋದಾಗಲೆಲ್ಲ ಮಾವನದು ಒಂದೇ ಪ್ರಶ್ನೆ: ‘ಕಣ್ಣೊಳಗೆ ಚಿಪ್‌ ಕೂರಿಸ್ತಾರಂತಲ್ಲೋ, ಅದೇನಾಯ್ತು?’

ಉತ್ತರ ಹೇಳಬೇಕೆಂದು ಓದಲು ಕುಳಿತವನಿಗೆ ಮೊದಲು ಸಿಕ್ಕಿದ್ದು ಖುಷಿ. ಅಮೆರಿಕದ ಸೆಕೆಂಡ್‌ ಸೈಟ್‌ ಕಂಪನಿ ಇದೇ ಕಾಯಿಲೆಗೆಂದು ‘ಆರ್ಗಸ್‌–2’ ಸಾಧನ ತಯಾರಿಸಿತ್ತು. 2011ರಲ್ಲಿ ಯುರೋಪಿನಲ್ಲಿ, 2013ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕನ್ನಡಕದಲ್ಲಿ ಪುಟ್ಟ ಕ್ಯಾಮೆರಾ, ಸೊಂಟದಲ್ಲೊಂದು ಪ್ರೊಸೆಸರ್‌ ಪೆಟ್ಟಿಗೆ. ಅಲ್ಲಿಂದ ತಂತಿಯಿಲ್ಲದೆ ಸಂಕೇತ ಕಣ್ಣಿಗೆ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಕ್ಷಿಪಟಲದ ಮೇಲೆ ಕೂರಿಸಿದ 60 ಎಲೆಕ್ಟ್ರೋಡ್‌ಗಳು ಇನ್ನೂ ಬದುಕಿರುವ ನರಕೋಶಗಳನ್ನು ಎಬ್ಬಿಸುತ್ತವೆ. ಮೊಬೈಲ್‌ ಕ್ಯಾಮೆರಾದಲ್ಲಿ ಕೋಟಿಗಟ್ಟಲೆ ಪಿಕ್ಸೆಲ್‌ ಇರುವ ಕಾಲದಲ್ಲಿ ಬರೀ 60! ಕಾಣುವುದೂ ಬೆಳಕಿನ ಚುಕ್ಕೆಗಳೇ. ಆದರೂ ಪೂರ್ತಿ ಕತ್ತಲಲ್ಲಿದ್ದವರಿಗೆ ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ತಿಳಿಯುವುದು ಸಣ್ಣ ಮಾತಲ್ಲ. ಸುಮಾರು ಒಂದೂವರೆ ಲಕ್ಷ ಡಾಲರ್‌ ಬೆಲೆಯಿದ್ದರೂ ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು.

ಮುಂದಿನದು ಓದಿ ಮನಸ್ಸು ಕೆಟ್ಟಿತು. 2019ರಲ್ಲಿ ಕಂಪನಿ ಆರ್ಗಸ್‌ ಕೈಬಿಟ್ಟು ಮಿದುಳಿಗೆ ಹಾಕುವ ಬೇರೊಂದು ಸಾಧನದ ಕಡೆ ಹೊರಳಿತು. 2020ರಲ್ಲಿ ಹಣವಿಲ್ಲದೆ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಕಣ್ಣೊಳಗೆ ಚಿಪ್‌ ಇದ್ದವರ ಗತಿ? ಅವರ ಕಥೆಗಳನ್ನು ‘ಐಇಇಇ ಸ್ಪೆಕ್ಟ್ರಮ್‌’ ಪತ್ರಿಕೆ 2022ರಲ್ಲಿ ಬರೆಯಿತು. ನ್ಯೂಯಾರ್ಕಿನ ಮಹಿಳೆಯೊಬ್ಬರು ಸುರಂಗ ರೈಲು ನಿಲ್ದಾಣದ ಮೆಟ್ಟಿಲಲ್ಲಿದ್ದಾಗ ‘ಬೀಪ್‌ ಬೀಪ್‌’ ಎಂದು ಸದ್ದಾಗಿ ಸಾಧನ ನಿಂತೇಹೋಗಿತ್ತು. ಅದು ಕಂಪನಿ ಚೆನ್ನಾಗಿದ್ದ ಕಾಲದಲ್ಲೇ ಆದದ್ದು, ಆದರೂ ಸರಿಹೋಗಲಿಲ್ಲ. ಇನ್ನೊಬ್ಬರಿಗೆ ತಲೆಸುತ್ತು ಬಂದು ಎಂಆರ್‌ಐ ಮಾಡಿಸಬೇಕಾಯಿತು. ಕಣ್ಣಲ್ಲಿ ಸಾಧನ ಇದ್ದದ್ದರಿಂದ ಮಾಡಬಹುದೇ ಎಂದು ಕೇಳಲು ಕಂಪನಿಗೆ ಫೋನ್‌ ಮಾಡಿದರೆ ಉತ್ತರ ಕೊಡುವವರೇ ಇರಲಿಲ್ಲ. ಮೊಬೈಲ್‌ಗೆ ಅಪ್‌ಡೇಟ್‌ ನಿಂತರೆ ಬೇರೆ ಕೊಳ್ಳುತ್ತೇವೆ. ಕಣ್ಣೊಳಗಿದ್ದದ್ದನ್ನು ತೆಗೆಸಬೇಕೆಂದರೆ ಇನ್ನೊಂದು ಆಪರೇಷನ್‌ ಬೇಕು, ಅದರ ಅಪಾಯ ಬೇರೆ.

ಇದು ಹಳೇ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ‘ಪ್ರಿಮಾ’ ಎಂಬ ಚಿಪ್‌ನ ಫಲಿತಾಂಶ ಎಲ್ಲೆಡೆ ಸುದ್ದಿಯಾಯಿತು. ಸ್ಟ್ಯಾನ್‌ಫರ್ಡ್‌ನ ಡೇನಿಯಲ್‌ ಪಲಾಂಕರ್‌ ರೂಪಿಸಿದ, ಎರಡು ಮಿಲಿಮೀಟರ್‌ ಅಗಲದ, ಕೂದಲಿಗಿಂತ ತೆಳುವಾದ ಚಿಪ್‌ ಅದು. ಅದರಲ್ಲಿ 378 ಪಿಕ್ಸೆಲ್‌ಗಳಿವೆ. ಕನ್ನಡಕದಿಂದ ಬೀಳುವ ಅವಕೆಂಪು ಬೆಳಕನ್ನೇ ಸೋಲಾರ್‌ ಫಲಕದಂತೆ ವಿದ್ಯುತ್ತಾಗಿ ಬದಲಿಸಿಕೊಳ್ಳುತ್ತದೆ, ತಂತಿಯೇ ಬೇಡ. ವಯಸ್ಸಾದವರಲ್ಲಿ ನಡುದೃಷ್ಟಿ ಹೋಗುವ ಕಾಯಿಲೆಗೆ ಇದನ್ನು ಪ್ರಯೋಗಿಸಿದ್ದು. ಒಂದು ವರ್ಷ ಪೂರೈಸಿದ 32 ಜನರಲ್ಲಿ 26 ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು. ಎಂಜಿನಿಯರಿಂಗ್‌ ವಿದ್ಯಾರ್ಥಿಯಾಗಿ ಓದುವಾಗ ಮೈ ಜುಮ್ಮೆಂದಿತು. ಆದರೆ ಪ್ರಯೋಗ ನಡೆಸುತ್ತಿದ್ದ ಫ್ರಾನ್ಸಿನ ಪಿಕ್ಸಿಯಂ ವಿಷನ್‌ ಕಂಪನಿ ಅಷ್ಟರಲ್ಲೇ ದಿವಾಳಿಯಾಗಿತ್ತು. ರೋಗಿಗಳ ಕಣ್ಣಲ್ಲಿ ಚಿಪ್‌ ಕುಳಿತಾಗಿತ್ತು! 2024ರಲ್ಲಿ ಅಮೆರಿಕದ ಸೈನ್ಸ್‌ ಕಾರ್ಪೊರೇಷನ್‌ ಪ್ರಿಮಾವನ್ನು ಕೊಂಡದ್ದರಿಂದ ಕೆಲಸ ಮುಂದುವರಿಯಿತು. ಕೊಳ್ಳುವವರು ಸಿಗದಿದ್ದರೆ?

ನಮ್ಮ ಮಿನಿ ಪ್ರಾಜೆಕ್ಟ್‌ಗಳನ್ನೇ ನೋಡಿ. ಡೆಮೊ ದಿನ ಎಲ್‌ಇಡಿ ಉರಿದರೆ ಸಾಕು, ಮರುದಿನ ಬೋರ್ಡ್‌ ಕಪಾಟಿನಲ್ಲಿ. ಪ್ಲೇಸ್‌ಮೆಂಟ್‌ನಲ್ಲೂ ‘ಸಪೋರ್ಟ್‌’ ಕೆಲಸ ಸಿಕ್ಕಿತೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ‘ಡೆವಲಪ್‌ಮೆಂಟ್‌’ ಸಿಕ್ಕವನೇ ಹೀರೊ. ಕೆಟ್ಟದ್ದನ್ನು ಸರಿಮಾಡುವುದು ಎರಡನೇ ದರ್ಜೆಯ ಕೆಲಸ ಎಂದು ನಮಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಪ್ರಿಮಾ ಪ್ರಯೋಗವಾದದ್ದು ಅವರ ಕಾಯಿಲೆಗಲ್ಲ ಎಂಬುದನ್ನೂ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೋರ್‌ವೆಲ್‌ಗೆ ಮೋಟಾರ್‌ ತರೋ ಮುಂಚೆ ರಿಪೇರಿಯವನು ಹತ್ರದಲ್ಲಿ ಇದ್ದಾನಾ ಅಂತ ಕೇಳ್ತೀವಿ. ಅವರು ಕೇಳಿರ್ಲಿಲ್ವಾ?’ ಎಂದರು.

ಕೇಳುವ ಹೊಣೆಯನ್ನು ರೋಗಿಯ ಮೇಲೆ ಹೊರಿಸಬಾರದು ಎಂಬುದು ನನ್ನ ವಾದ. ದೇಹದೊಳಗೆ ಇಡುವ ಸಾಧನಕ್ಕೆ ಒಪ್ಪಿಗೆ ಕೊಡುವಾಗಲೇ ಸರ್ಕಾರಗಳು ಕೆಲವು ಷರತ್ತು ಹಾಕಬೇಕು. ವಿನ್ಯಾಸದ ದಾಖಲೆ, ಸಾಫ್ಟ್‌ವೇರ್‌ ಕೋಡ್‌ ಮೂರನೆಯವರ ಬಳಿ ಠೇವಣಿಯಾಗಿರಲಿ, ಕಂಪನಿ ಮುಚ್ಚಿದ ದಿನ ಅದು ಬೇರೆ ಎಂಜಿನಿಯರುಗಳ ಕೈಗೆ ಸಿಗಲಿ. ಮಾರಿದ ಪ್ರತಿ ಸಾಧನದ ಹಣದಲ್ಲಿ ಒಂದು ಪಾಲನ್ನು ಬಿಡಿಭಾಗಕ್ಕೂ, ಬೇಕಾದರೆ ಹೊರತೆಗೆಯುವ ಆಪರೇಷನ್ನಿಗೂ ಎತ್ತಿಡಲಿ. ಇದರಿಂದ ಬೆಲೆ ಏರುತ್ತದೆ, ಹೊಸ ಕಂಪನಿಗಳು ಹಿಂಜರಿಯುತ್ತವೆ ಎನ್ನುವವರಿದ್ದಾರೆ. ಏರಬಹುದು. ಈಗ ಆ ಖರ್ಚನ್ನು ಕಣ್ಣು ಕಾಣದವರು ಒಬ್ಬೊಬ್ಬರೇ ಭರಿಸುತ್ತಿದ್ದಾರೆ.